ಆರತಿ ಎತ್ತಿಸಿಕೊಂಡ ಕೋವಿ

ಕೋವಿ ನಕಲಿಯಾಗಿರಬಹುದಿತ್ತು. ಜಗಳೂರಿನಲ್ಲಿ ಒಮ್ಮೆ ಹಾಗೇ ಆಗಿತ್ತು. ಹೊಸ ಕೊಳವೆಯನ್ನು ಒಂದು ಮಳೆಗಾಲ ತಿಪ್ಪೆಯಲ್ಲಿ ಹೂತು, ತುಕ್ಕು ಹಿಡಿಸಿ, ಪಾಳೇಗಾರರ ಕಾಲದ್ದೆಂದು ನನ್ನ ಮುಂದಿಟ್ಟಿದ್ದರು. ನಿಜ ಹೇಳಿದ್ದಕ್ಕೆ ಊಟ ಹಾಕದೆ ಕಳಿಸಿದರು. ಇಲ್ಲವೇ ಲೈಸೆನ್ಸಿನ ತಕರಾರು ಎದ್ದು ಪೊಲೀಸರು ನನ್ನನ್ನೂ ಕೂರಿಸಿಕೊಳ್ಳಬಹುದಿತ್ತು. ಯಾರೋ ದಾಯಾದಿ ಬಂದು ‘ಇದು ನಮ್ಮಜ್ಜಂದು’ ಎನ್ನಬಹುದಿತ್ತು. ನಾನು ಹೇಳಿದ ಬೆಲೆ ಮಾರುವವರಿಗೆ ಕಡಿಮೆ, ಕೊಳ್ಳುವವರಿಗೆ ಹೆಚ್ಚು ಎನಿಸಿ ಇಬ್ಬರೂ ಕೂಡಿ ನನ್ನನ್ನು ಬೈಯಬಹುದಿತ್ತು. ಎಲ್ಲಕ್ಕಿಂತ ಮೇಲೆ, ಕೋವಿಯೊಳಗೆ ಮದ್ದು ಇರಬಹುದಿತ್ತು. ಚನ್ನಗಿರಿಯಿಂದ ಸಾಸ್ವೆಹಳ್ಳಿಗೆ ಹೋಗುವ ಬಸ್ಸಿನಲ್ಲಿ ಇಷ್ಟನ್ನೂ ಯೋಚಿಸಿ ಮುಗಿಸಿದೆ. ಊರು ಇನ್ನೂ ಬಂದಿರಲಿಲ್ಲವಾದ್ದರಿಂದ ಮತ್ತೆ ಮೊದಲಿನಿಂದ ಯೋಚಿಸಿದೆ.

ಹಳೆಯ ಕೋವಿಗಳನ್ನು ಗುರುತಿಸಿ ಬೆಲೆ ಹೇಳುವುದು ನನ್ನ ಕಸುಬು. ಪಟಾಕಿಗೆ ಕಿವಿ ಮುಚ್ಚಿಕೊಳ್ಳುವ ಈ ನಡುವಯಸ್ಸಿನವನಿಗೆ ಇದು ಹೇಗೆ ಅಂಟಿಕೊಂಡಿತೆಂದು ಮನೆಯಲ್ಲಿ ಈಗ ಯಾರೂ ಕೇಳುವುದಿಲ್ಲ, ಅವರಿಗೂ ಸಾಕಾಗಿದೆ. ಆ ದಿನ ನನ್ನನ್ನು ಕಳಿಸಿದ್ದು ನ್ಯಾಮತಿಯ ಒಬ್ಬ ಸಂಗ್ರಾಹಕರು. ಅಸಲಿಯಾದರೆ ಮಾತ್ರ ಕೊಳ್ಳುತ್ತೇನೆ ಎಂದಿದ್ದರು.

ಕೋವಿ ಇದ್ದ ಮನೆಯಾಕೆಯ ಗಂಡ ಹೋದ ವರ್ಷ ತೀರಿಕೊಂಡಿದ್ದರು. ಲೈಸೆನ್ಸು ಅವರ ಹೆಸರಿನಲ್ಲಿತ್ತು. ಮಗಳು ಹೆರಿಗೆಗೆ ಬರುವವಳಿದ್ದಳು.

“ಕೂಸು ಬರೋ ಮನ್ಯಾಗೆ ಇದು ಬ್ಯಾಡ್ರೀ. ಹಂಗಂತ ಸ್ಟೇಷನ್‌ನಾಗೆ ಮೂಲೆಗೆ ಬೀಳಾಕೆ ಕೊಡಾಕೂ ಮನಸಿಲ್ಲ. ನಮ್ಮೋರು ಇದರ ಮ್ಯಾಲೆ ಜೀವ ಇಟ್ಕೊಂಡಿದ್ರು. ಅಸಲಿ ಅಂತ ನೀವೊಂದು ಮಾತು ಹೇಳಿದ್ರೆ ಯಾರಾದ್ರೂ ಚೆಂದಾಗಿ ಇಟ್ಕೊಂತಾರೆ.”

“ಒಳಗೆ ಮದ್ದು ಗಿದ್ದು ಇಲ್ಲ ತಾನೇ?”

“ಖಾಲಿ ಐತ್ರಿ! ಆಯುಧ ಪೂಜೆಗೆ ವರ್ಷಾ ವರ್ಷಾ ನಾನೇ ಆರತಿ ಎತ್ತೀನಿ. ಇಲ್ಲಿ ಒಂದು ತೂತು ಐತೆ ನೋಡ್ರಿ, ಊದಿನಕಡ್ಡಿ ಸಿಗಿಸಾಕೆ ಹೇಳಿ ಮಾಡಿಸಿದಂಗೈತೆ.”

ಕಿಡಿ ಒಳಗಿನ ಮದ್ದಿಗೆ ಇಳಿಯುವುದು ಆ ತೂತಿನಿಂದಲೇ. ಚೀಲದಿಂದ ಅಳತೆಯ ಸಲಾಕೆ ತೆಗೆದೆ. ಆಕೆ ಟೀ ಇಡಲು ಒಳಗೆ ಹೋದರು.

ಕೊಳವೆಯೊಳಗೆ ಸಲಾಕೆ ಇಳಿಬಿಟ್ಟು, ಬಾಯಿಯ ಹತ್ತಿರ ಗುರುತು ಹಿಡಿದು, ಹೊರಗಿನಿಂದ ಕೊಳವೆಗೆ ಹೊಂದಿಸಿ ನೋಡಿದೆ. ಸಲಾಕೆ ಬುಡ ಮುಟ್ಟಿರಲಿಲ್ಲ. ನಾಲ್ಕು ಬೆರಳಷ್ಟು ಮೊದಲೇ ಏನೋ ತಡೆದಿತ್ತು. ನನ್ನ ಅಳತೆಯೇ ತಪ್ಪಿರಲೆಂದು ಬೇಡಿಕೊಂಡು ಮತ್ತೊಮ್ಮೆ ಇಳಿಬಿಟ್ಟೆ. ಅದೇ ನಾಲ್ಕು ಬೆರಳು. ಕೋವಿ ತುಂಬಿತ್ತು.

ಮಂಚದ ಮೇಲೆ ಮಡಿಸಿಟ್ಟಿದ್ದ ಕೌದಿಯೊಂದನ್ನು ಮಂಚದ ಅಂಚಿಗೆ ಎಳೆದುಕೊಂಡು, ಅದರ ಮೇಲೆ ಕೋವಿಯನ್ನು ಒರಗಿಸಿ, ಬಾಯನ್ನು ಖಾಲಿ ಹಿತ್ತಲಿನ ಕಡೆ ತಿರುಗಿಸಿ, ಮದ್ದು ನೆನೆಯುವಂತೆ ಎಣ್ಣೆ ಸುರಿದು ಕಾದೆ. ಆಮೇಲೆ ತುದಿಯಲ್ಲಿ ತಿರುಪಿರುವ ಸಲಾಕೆ ಹಾಕಿ ಎಳೆದೆ. ತೆಂಗಿನ ನಾರಿನ ಬಿರಡೆ, ಸೀಸದ ಗುಂಡುಗಳು, ಕರಿಬೆಲ್ಲದಂತೆ ಗಟ್ಟಿಯಾದ ಮದ್ದು ಬಾಯಿಯ ಕೆಳಗಿಟ್ಟ ತಟ್ಟೆಗೆ ಬಿದ್ದವು.

ಆಕೆ ಟೀ ಹಿಡಿದು ಬಂದು ತಟ್ಟೆ ನೋಡಿದರು.

“ಇದು ಅದರೊಳಗಿಂದ ಬಂತಾ?”

“ಹೌದಮ್ಮಾ.”

“ಆರತಿ ಹೊತ್ತಿಗೆ ಸರಿಯಾಗಿ ನಮ್ಮೋರು ಎಮ್ಮೆಗೆ ನೀರು ಕುಡಿಸ್ತೀನಿ ಅಂತ ಹಿತ್ಲಿಗೆ ಹೋಗೋರು! ವರ್ಷಾ ಹೋಗೋರು ಕಣ್ರೀ! ಕಳ್ಳ!” ಎಂದು ನಕ್ಕೂ ನಕ್ಕೂ ಗೋಡೆಗೆ ಒರಗಿ ಕೂತುಬಿಟ್ಟರು. ನನಗೆ ನಗು ಬರಲಿಲ್ಲ. ಲೋಟ ಪಕ್ಕಕ್ಕಿಟ್ಟು ಸಲಾಕೆಯನ್ನು ಇನ್ನೊಮ್ಮೆ ಬುಡದವರೆಗೆ ಇಳಿಬಿಟ್ಟು ನೋಡಿದೆ.

ಖಾಲಿ ಕೋವಿಯನ್ನು ಬೆಳಕಿಗೆ ಹಿಡಿದೆ. ಕಬ್ಬಿಣದ ಪಟ್ಟಿ ಸುತ್ತಿ ಬೆಸೆದ ಕೊಳವೆ, ಕೈ ಹಿಡಿದು ಹಿಡಿದು ಸವೆದ ಮರ, ತುಕ್ಕಿನಡಿ ಅರ್ಧ ಉಳಿದ ಕಮ್ಮಾರನ ಮುದ್ರೆ. ಅಸಲಿ, ಇಂಥದ್ದು ಸುಲಭಕ್ಕೆ ಸಿಗುವುದಿಲ್ಲ. ನ್ಯಾಮತಿಗೆ ಫೋನ್ ಮಾಡಿ ಬೆಲೆ ಹೇಳಿದೆ. ಆತ ಚೌಕಾಸಿ ಮಾಡದೆ ಒಪ್ಪಿ, “ಕಾಗದಪತ್ರಕ್ಕೆಲ್ಲ ನಾನೇ ಓಡಾಡ್ತೀನಿ, ಅವರನ್ನ ಅಲೆದಾಡಿಸಬ್ಯಾಡ್ರಿ” ಎಂದರು. ಚೌಕಾಸಿ ಮಾಡಲಿಲ್ಲವಲ್ಲ, ಕಡಿಮೆ ಹೇಳಿದೆನೇನೋ ಎಂದು ಆಗಲೇ ಯೋಚನೆ ಶುರುವಾಯಿತು.

ಆಕೆ ಮಾತ್ರ ನಿರಾಳವಾಗಿ ಎದ್ದು ಮಂಚದ ಕಡೆ ಹೋದರು. ಕೌದಿ ಎತ್ತಿ ನೋಡಿದರು. ಎಣ್ಣೆ ತೂತಿನಿಂದ ಸೋರಿ ಅಂಗೈಯಗಲ ಕಪ್ಪಗೆ ಇಳಿದಿತ್ತು.

“ಕೂಸಿಗೆ ಅಂತ ಹೊಲಿದಿದ್ದೆ,” ಎಂದರು. ನನ್ನ ಮುಖ ನೋಡಿ, “ಇರ್ಲಿ ಬಿಡ್ರಿ, ಒಗೆದ್ರೆ ಹೋಗ್ತೈತೆ.”

ಮದ್ದು ಬೆರೆತ ಎಣ್ಣೆಯ ಕಲೆ ಒಗೆದರೆ ಹೋಗುವುದಿಲ್ಲ. ನನ್ನ ಅಂಗಿಗಳೆಲ್ಲ ಅದಕ್ಕೆ ಸಾಕ್ಷಿ.