ಹೆಬ್ಬಾಳ ಕೆರೆಗೆ ಬಿದ್ದ ಮೊಸಳೆ

ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಭೂವಿಜ್ಞಾನದಲ್ಲಿ ಎಂ.ಎಸ್ಸಿ. ಮುಗಿಸಿ ನಾನು ಸೇರಿದ ಸರ್ವೆ ಕಚೇರಿ ಯಶವಂತಪುರದ ರೈಲ್ವೆ ಗೂಡ್ಸ್ ಶೆಡ್ಡಿನ ಹಿಂದೆ, ಒಂದು ಹೆಂಚಿನ ಕಟ್ಟಡದಲ್ಲಿತ್ತು. ಅಲ್ಲಿದ್ದ ಹೆಂಗಸು ನಾನೊಬ್ಬಳೇ. ಯಲಹಂಕದಿಂದ ಬೆಳಗಿನ ಬಸ್ಸು ಹಿಡಿದು ಬರುತ್ತಿದ್ದೆ. ಗಂಡಸರು ಟ್ರಂಕು, ಹೋಲ್ಡಾಲು ಕಟ್ಟಿಕೊಂಡು ಬೆಟ್ಟ, ಗಣಿ ಅಂತ ಹೊರಟುಬಿಡುತ್ತಿದ್ದರು. ಅವರು ತಂದ ಅಳತೆಗಳನ್ನು ನಕ್ಷೆಗೆ ಇಳಿಸುವುದು ನನ್ನ ಕೆಲಸ. ನಾನು ಎಳೆದ ಗೆರೆಯನ್ನು ಎಲ್ಲರೂ ಹೊಗಳುತ್ತಿದ್ದರು. ಆದರೆ ಬೇರೆಯವರು ಕಂಡು ಬಂದ ನೆಲವನ್ನು ನಾನು ಕುರ್ಚಿಯಲ್ಲಿ ಕೂತು ಬರೆಯುವುದು ನನಗೆ ಒಗ್ಗಲಿಲ್ಲ.

ಆ ವರ್ಷ ನಮಗೆ ಅಂಕೋಲೆಯ ಕಡೆಯ ಕರಾವಳಿಯನ್ನು ಅಳೆಯುವ ಕೆಲಸ ಬಂತು. ದಡದ ನಕ್ಷೆಯಷ್ಟೇ ಅಲ್ಲ, ದಡದ ಹತ್ತಿರದ ಸಮುದ್ರದ ತಳದಲ್ಲಿ ಮರಳಿದೆಯೋ ಕೆಸರಿದೆಯೋ ಅನ್ನುವುದೂ ತಿಳಿಯಬೇಕಿತ್ತು. ಅದಕ್ಕೆಂದೇ ಒಂದು ಸಲಕರಣೆ ಹಡಗಿನಲ್ಲಿ ಮದರಾಸಿಗೆ ಬಂದು, ಅಲ್ಲಿಂದ ರೈಲಿನಲ್ಲಿ ನಮ್ಮ ಬಾಗಿಲಿಗೆ ಬಂತು. ಕಬ್ಬಿಣದ ಎರಡು ದವಡೆ, ಅಷ್ಟೇ. ಬಾಯಿ ತೆರೆದು, ಹಗ್ಗ ಕಟ್ಟಿ ನೀರಿಗೆ ಬಿಟ್ಟರೆ ತಳ ಮುಟ್ಟಿದ ಕೂಡಲೇ ಅದರ ಕೊಂಡಿ ಕಳಚುತ್ತದೆ. ಮೇಲಕ್ಕೆಳೆಯುವಾಗ ದವಡೆ ಕಚ್ಚಿಕೊಂಡು ತಳದ ಮಣ್ಣನ್ನು ಬೊಗಸೆ ತುಂಬ ತರುತ್ತದೆ. ಅದರ ಇಂಗ್ಲಿಷ್ ಹೆಸರು ಯಾರ ನಾಲಿಗೆಗೂ ಹೊರಳಲಿಲ್ಲ. ಮೊದಲ ದಿನವೇ ಅದು ನಮ್ಮ ಬಾಯಲ್ಲಿ ‘ಮೊಸಳೆ’ ಆಯಿತು.

ನಾನು ನಮ್ಮ ಕಚೇರಿಯ ಮುಖ್ಯಸ್ಥರಾದ ಸಾಹೇಬರ ಕೋಣೆಗೆ ಹೋಗಿ, ಕರಾವಳಿ ತಂಡದಲ್ಲಿ ನನ್ನನ್ನೂ ಸೇರಿಸಿ ಎಂದೆ. ಅವರು ಒಳ್ಳೆಯ ಮನುಷ್ಯ. ಕೂರಿಸಿ ಹೇಳಿದರು.

“ನೋಡಮ್ಮಾ, ಅಲ್ಲಿ ದಿನಾ ದೋಣಿ, ಉಪ್ಪುಗಾಳಿ, ಡೇರೆಯಲ್ಲಿ ವಾಸ. ನಿಮಗೆ ಆಗಲ್ಲ.”

“ನೀವು ನನ್ನ ನಕ್ಷೆ ನೋಡಿದ್ದೀರಿ ಸಾರ್, ಹೊರಗಿನ ಕೆಲಸ ನೋಡಿಲ್ಲ. ಮೊಸಳೆ ಪರೀಕ್ಷೆಗೆ ಹೆಬ್ಬಾಳ ಕೆರೆಗೆ ಹೋಗ್ತೀರಲ್ಲ, ಅಲ್ಲಿ ಅಳತೆಯ ಒಂದು ಟೇಬಲ್ ನನಗೆ ಕೊಡಿ. ಆಗಲ್ಲ ಅನ್ನೋದಾದರೆ ನೋಡಿದ ಮೇಲೆ ಅನ್ನಿ.”

ಅವರು ನಕ್ಕರು. “ಸರಿ, ಬನ್ನಿ.”

ಕೆರೆ ತುಂಬಿತ್ತು. ಏರಿಯ ಒಂದು ತುದಿಯಲ್ಲಿ ನಾನು ನನ್ನ ಪ್ಲೇನ್ ಟೇಬಲ್ ಹೂಡಿದೆ. ಮುಕ್ಕಾಲಿಯ ಮೇಲೆ ಕೂರಿಸಿದ ಹಲಗೆ, ಹಲಗೆಗೆ ಬಿಗಿದ ಕಾಗದ, ಅದರ ಮೇಲೆ ಗುರಿ ನೋಡುವ ಹಿತ್ತಾಳೆ ಪಟ್ಟಿ. ಹಲಗೆ ಸಮವಾಗಿದೆಯೇ ಎಂದು ತೋರಿಸುವ ರಸಮಟ್ಟದ ಗುಳ್ಳೆ ನಡುವಿಗೆ ಬರುವವರೆಗೂ ನಾನು ಅದನ್ನು ಬಿಡಲಿಲ್ಲ. ಏರಿಯ ಇನ್ನೊಂದು ತುದಿಯಲ್ಲಿ ಅಂಥದ್ದೇ ಟೇಬಲ್ಲಿನ ಮುಂದೆ ನನ್ನ ಸಹೋದ್ಯೋಗಿ, ಗೊರಗುಂಟೆಪಾಳ್ಯದಿಂದ ಸೈಕಲ್ಲಿನಲ್ಲಿ ಬರುತ್ತಿದ್ದ ಹುರುಪಿನ ಸರ್ವೆಯರ್. ಸಾಹೇಬರು ಮೊಸಳೆಯ ಜೊತೆ ಹರಿಗೋಲಿನಲ್ಲಿ. ಹುಟ್ಟು ಹಾಕುತ್ತಿದ್ದವನು ಆ ಕೆರೆಯಲ್ಲೇ ಮೀನು ಹಿಡಿಯುವವನು. ಮೊಸಳೆ ನೀರಿಗಿಳಿದಾಗಲೆಲ್ಲ ಸಾಹೇಬರು ಬಾವುಟ ಎತ್ತುವರು. ಆ ಕ್ಷಣ ನಾವಿಬ್ಬರೂ ಬಾವುಟಕ್ಕೆ ಗುರಿಯಿಟ್ಟು ನಮ್ಮ ನಮ್ಮ ಕಾಗದದ ಮೇಲೆ ಗೆರೆ ಎಳೆಯಬೇಕು. ಆಮೇಲೆ ಎರಡೂ ಕಾಗದ ಸೇರಿಸಿ ನೋಡಿದರೆ, ಎರಡು ಗೆರೆ ಕೂಡುವಲ್ಲಿ ಮಣ್ಣು ತೆಗೆದ ಜಾಗ. ಹರಿಗೋಲಿಗೆ ಸನ್ನೆ ಮಾಡಲು ನಮ್ಮಿಬ್ಬರ ಹತ್ತಿರವೂ ಒಂದೊಂದು ಬಾವುಟವಿತ್ತು.

ಬೆಳಗಿನ ಕೆಲಸ ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಸಾಗಿತು. ಆಮೇಲೆ ಗಾಳಿ ಎದ್ದಿತು. ಬಾವುಟ ಮೇಲೆ ಹೋಯಿತು, ನಾನು ಗೆರೆ ಎಳೆದೆ. ತಲೆಯೆತ್ತಿ ನೋಡಿದರೆ ಸಾಹೇಬರ ಕೈಯಲ್ಲಿ ಬರೀ ಹಗ್ಗ. ಹಗ್ಗವನ್ನು ಮೊಸಳೆಗೆ ಸೇರಿಸುವ ಪಿನ್ನು ಕಳಚಿಹೋಗಿತ್ತು. ಹರಿಗೋಲು ಬುಗುರಿಯ ಹಾಗೆ ಸುತ್ತುತ್ತ ಎಲ್ಲೆಲ್ಲಿಗೋ ತೇಲಿತು. ಅವರು ಬಿದಿರಿನಿಂದ ಇಲ್ಲಿ ತಿವಿದರು, ಅಲ್ಲಿ ತಿವಿದರು, ಕೊನೆಗೆ ಸೋತ ಮುಖ ಹೊತ್ತು ನನ್ನ ಹತ್ತಿರದ ದಡಕ್ಕೆ ಬಂದರು.

ಅಷ್ಟರಲ್ಲಿ ಆ ತುದಿಯಿಂದ ನಮ್ಮ ಸರ್ವೆಯರ್ ಸೈಕಲ್ ತುಳಿಯುತ್ತ, “ಮೊಸಳೆ! ಮೊಸಳೆ ನೀರಿಗೆ ಬಿತ್ತು!” ಅಂತ ಕೂಗಿಕೊಂಡು ಬಂದ. ಸೋಪಾನದ ಕಲ್ಲುಗಳ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಒದ್ದೆ ಸೀರೆಗಳನ್ನು ಅಲ್ಲೇ ಬಿಟ್ಟು ಏರಿ ಹತ್ತಿ ಓಡಿದರು. ಅದು ಕಬ್ಬಿಣದ್ದು ಅಂತ ಅವರನ್ನು ಒಪ್ಪಿಸುವ ಹೊತ್ತಿಗೆ ನನಗೆ ಗಂಟಲು ಕಟ್ಟಿತು.

“ಎಲ್ಲಿ ಅಂತ ಏಳಿ ಸ್ವಾಮಿ, ಮುಳುಗ್ತೀನಿ,” ಎಂದ ಮೀನಿನವನು. “ಎರಡಾಳು ನೀರೈತೆ. ಕೆರೆ ಎಲ್ಲಾ ಮುಳುಗು ಅಂದ್ರೆ ಎಂಗೆ?”

ನಾನು ಸರ್ವೆಯರನ್ನು ಕೇಳಿದೆ: “ಕೊನೆ ಗೆರೆ ಎಳೆದಿದ್ದೀರಾ?”

“ಎಳೆದಿದ್ದೀನಿ ಕಣ್ರೀ. ಬಾವುಟ ಎದ್ದಿತ್ತಲ್ಲ.”

“ಟೇಬಲ್ ಅಲುಗಿಸಿಲ್ಲ ತಾನೇ?”

“ಇಲ್ಲ.”

“ಹಾಗಾದರೆ ಮೊಸಳೆ ಕಳೆದಿಲ್ಲ ಸಾರ್,” ಎಂದೆ. “ಅದು ನನ್ನ ಗೆರೆಯ ಮೇಲಿದೆ, ಇವರ ಗೆರೆಯ ಮೇಲೂ ಇದೆ. ನೀವು ಹರಿಗೋಲು ಹತ್ತಿ. ನನ್ನ ಬಾವುಟ ಯಾವ ಕಡೆ ಆಡುತ್ತೋ ಆ ಕಡೆ ಸರೀರಿ. ನೆಟ್ಟಗೆ ಎತ್ತಿದರೆ ನನ್ನ ಗೆರೆಗೆ ಬಂದಿರಿ ಅಂತ. ಆಮೇಲೆ ಅದೇ ಗೆರೆ ಹಿಡಿದು, ಇವರ ಬಾವುಟ ನೆಟ್ಟಗಾಗುವವರೆಗೆ ಹೋಗಿ.”

ಸಾಹೇಬರು ಹರಿಗೋಲು ಹತ್ತಿದರು. ಸರ್ವೆಯರ್ ಸೈಕಲ್ ತಿರುಗಿಸಿಕೊಂಡು ತನ್ನ ಟೇಬಲ್ಲಿಗೆ ಹೋದ.

ನಾನು ಹಿತ್ತಾಳೆ ಪಟ್ಟಿಯನ್ನು ಕೊನೆಯ ಗೆರೆಗೆ ಒತ್ತಿ ಕಣ್ಣಿಟ್ಟೆ. ಎಡಕ್ಕೆ, ಇನ್ನೂ ಎಡಕ್ಕೆ, ಸ್ವಲ್ಪ ಬಲಕ್ಕೆ. ಗಾಳಿ ಅವರನ್ನು ಗೆರೆಯಿಂದ ತಳ್ಳುತ್ತಿತ್ತು, ನಾನು ಮತ್ತೆ ಎಳೆದು ತರುತ್ತಿದ್ದೆ. ಕೊನೆಗೆ ಎರಡೂ ಬಾವುಟಗಳು ಒಟ್ಟಿಗೆ ನೆಟ್ಟಗೆ ನಿಂತವು. ಸಾಹೇಬರು ಕಲ್ಲು ಕಟ್ಟಿದ ಹಗ್ಗವನ್ನು ಅಲ್ಲೇ ಇಳಿಬಿಟ್ಟರು. ಮೀನಿನವನು ಹಗ್ಗ ಹಿಡಿದು ಮುಳುಗಿದ.

ಬರಿಗೈಯಲ್ಲಿ ಎದ್ದ. ಏರಿಯ ಮೇಲೆ ಸೇರಿದ್ದ ಜನ ಲೊಚಗುಟ್ಟಿದರು. ನಾನು ರಸಮಟ್ಟದ ಗುಳ್ಳೆ ನೋಡಿದೆ, ನಡುವಿನಲ್ಲೇ ಇತ್ತು. ಗೆರೆ ಸುಳ್ಳು ಹೇಳಲಾರದು. “ಅಲ್ಲೇ, ಇನ್ನೊಂದು ಸಲ!” ಅಂತ ಬಾವುಟವನ್ನು ಮತ್ತೆ ನೆಟ್ಟಗೆ ಎತ್ತಿದೆ.

ಈ ಸಲ ಅವನ ತಲೆಗಿಂತ ಮೊದಲು ಕೈ ಮೇಲೆ ಬಂತು. “ಐತೆ! ಕೆಸರಲ್ಲಿ ಊತ್ಕೊಂಡೈತೆ! ಅಗ್ಗ ಕೊಡಿ!”

ಮೊಸಳೆ ಮೇಲೆ ಬಂದಾಗ ಅದರ ಬಾಯಿ ತುಂಬ ಕಪ್ಪು ಗೋಡುಮಣ್ಣು. ಸ್ವಲ್ಪ ಹೊತ್ತಿನ ಹಿಂದೆ ಹೆದರಿ ಓಡಿದ್ದ ಹೆಂಗಸರೇ ಅದನ್ನು ಮುಟ್ಟಿ ನೋಡಿ, ಕೆನ್ನೆಗೆ ಕೈ ಹಚ್ಚಿಕೊಂಡು ನಕ್ಕರು.

“ಸಮುದ್ರದಲ್ಲಿ ಬಿದ್ದರೂ ಹೀಗೇ ಹುಡುಕಿ ಕೊಡ್ತೀರೇನಮ್ಮಾ?” ಎಂದರು ಸಾಹೇಬರು, ನೆನೆದು ಪಂಚೆಯಂತಾಗಿದ್ದ ಪ್ಯಾಂಟನ್ನು ಹಿಂಡುತ್ತ.

“ಬೀಳೋಕೆ ಬಿಡಲ್ಲ ಸಾರ್. ಪಿನ್ನಿಗೆ ತಂತಿ ಸುತ್ತೋದು ಇನ್ನು ನನ್ನ ಕೆಲಸ.”

“ಹಾಗಾದರೆ ಹಾಸಿಗೆ ಕಟ್ಟಿ.”

ಮನೆಯಲ್ಲಿ ಹೇಳಿದಾಗ ಅಮ್ಮ, “ಸಮುದ್ರಾನ ಅಳೆಯೋಕಾಗುತ್ತೇನೇ?” ಎಂದಳು. “ಅಂಚು ಅಳೆಯೋಕಾಗುತ್ತಮ್ಮ,” ಎಂದೆ. ಅವಳು ನನ್ನ ದಾರಿಗೆಂದು ರಾಗಿ ಹುರಿಹಿಟ್ಟು ಮಾಡಲು ಕೂತಳು.

ಅಂಕೋಲೆಯಲ್ಲಿ ಮೊದಲ ದಿನ ದೋಣಿಯ ಓಲಾಟಕ್ಕೆ ಸಾಹೇಬರು, ಸರ್ವೆಯರ್, ನಾನು, ಮೂವರೂ ಸಾಲಾಗಿ ಬಗ್ಗಿ ವಾಂತಿ ಮಾಡಿಕೊಂಡೆವು. ಬಾಯಿ ತೊಳೆದುಕೊಂಡು ನಾನೇ ಹಗ್ಗ ಇಳಿಬಿಟ್ಟೆ. ಮೇಲೆ ಬಂದದ್ದು ನುಣ್ಣನೆಯ ಬೂದು ಮರಳು, ಅದರ ನಡುವೆ ಉಗುರಿನಷ್ಟು ಪುಟ್ಟದೊಂದು ಜೀವಂತ ಏಡಿ. ಅದು ನನ್ನ ಅಂಗೈಯಲ್ಲಿ ಅಡ್ಡಡ್ಡ ಓಡಿ ಮತ್ತೆ ನೀರಿಗೆ ಹಾರಿತು. ಮರಳನ್ನು ಚೀಲಕ್ಕೆ ತುಂಬಿ, ಮುಂದಿನ ಜಾಗಕ್ಕೆ ದೋಣಿ ನಡೆಸಲು ಹೇಳಿದೆ.