ತಾನಾಗಿ ಒಡೆದ ಹಾಲು

ನಮ್ಮ ಸೊಲ್ಲಾಪುರದ ಮಿಲ್ಲಿಗೆ ಮಗ್ಗ ಜೋಡಿಸಲು ಬಂದ ಇಟಲಿಯವನನ್ನು ಹೆಂಡತಿಸಮೇತ ಊಟಕ್ಕೆ ಕರೆದಿದ್ದೆ. ಜ್ವರ ಬಿಟ್ಟಮೇಲೂ ನನ್ನ ಒಂದೂವರೆ ವರ್ಷದ ಮಗಳು ತುತ್ತು ಮುಟ್ಟುತ್ತಿರಲಿಲ್ಲ. ಅದನ್ನು ಕಂಡು ಆ ಇಟಲಿಯವನ ಹೆಂಡತಿ ಅಡುಗೆಮನೆಗೇ ನಡೆದಳು. ಕುದಿಯುವ ಹಾಲಿಗೆ ನಿಂಬೆ ಹಿಂಡುವ ಸನ್ನೆ ಮಾಡಿದಳು.

"ಬೇಕಂತ ಹಾಲು ಒಡಸೂದಾ? ಮನಿಗಿ ಛಲೋ ಅಲ್ಲಪಾ," ಅಂದಳು ನನ್ನ ಅವ್ವ. ಆಮೇಲೆ ಮೊಮ್ಮಗಳ ಮುಖ ನೋಡಿದಳು. "ನಾ ದೇವರ ಜಗಲಿ ಮುಂದ ಕುಂದರ್ತೀನಿ. ಹಾಲು ತಾನಾಗಿ ಒಡೀತು ಅಂತ ಬಂದು ಹೇಳು."

ಹಾಗೇ ಹೇಳಿದೆ. ಒಡೆದ ಹಾಲಿನ ಪನೀರಿಗೆ ರವೆ ಕಲಸಿ, ಪುಟ್ಟ ಉಂಡೆ ಮಾಡಿ, ಆಕೆ ತುಪ್ಪದಲ್ಲಿ ಕರಿದಳು. ಅವರೂರ ಕೂಸುಗಳ ತಿನಿಸಂತೆ. ಮಗಳು ನಾಲ್ಕು ತಿಂದು ಐದನೆಯದಕ್ಕೆ ಕೈಚಾಚಿದಳು. ಅವ್ವ ಆ ಪರದೇಶದವಳ ಕೆನ್ನೆ ಸವರಿ ನೆಟಿಕೆ ಮುರಿದಳು.

ಅಲ್ಲಿಂದಾಚೆ ನಮ್ಮ ಮನೆಯಲ್ಲಿ ವಾರಕ್ಕೊಮ್ಮೆ ಹಾಲು ಒಡೆಯುತ್ತಿತ್ತು. ಪ್ರತಿ ಸಲವೂ ಅವ್ವನ ಕೈಯಿಂದ ನಿಂಬೆರಸ ತಪ್ಪಿಯೇ ಬೀಳುತ್ತಿತ್ತು.