ಹೊಗೆಸೊಪ್ಪಿನ ಮೇಲೆ ಮಧ್ಯಾಹ್ನದ ನಿದ್ದೆ

ಹುಣಸೂರಿನ ಪಕ್ಕದ ಹಳ್ಳಿಯಲ್ಲಿ ಎರಡೆಕರೆ ಹೊಗೆಸೊಪ್ಪು ಬೆಳೆಯುತ್ತಿದ್ದ ಚಲುವಯ್ಯ ಹುಟ್ಟಿದಾರಭ್ಯ ಒಂದು ಬೀಡಿಯನ್ನೂ ತುಟಿಗಿಟ್ಟವನಲ್ಲ. ಊರಿನವರು ನಗುತ್ತಿದ್ದರು, ನಗಲಿ. ಅವನ ಮಾವ, ಹೆಂಡತಿ ಭದ್ರಮ್ಮನ ಅಪ್ಪ, ಬೀಡಿ ಸೇದಿ ಸೇದಿ ಕೆಮ್ಮಿಕೊಂಡೇ ಸತ್ತಿದ್ದ. ಅದಕ್ಕೇ ಹೆಣ್ಣು ನೋಡಲು ಹೋದ ದಿನ ಭದ್ರಮ್ಮ ಬಾಗಿಲ ಮರೆಯಿಂದಲೇ, ‘ಬೀಡಿ ಸೇದಲ್ಲ ಅಂತ ದೀಪ ಮುಟ್ಟಿ ಆಣೆ ಮಾಡ್ಲಿ, ಆಮೇಲೆ ಮಿಕ್ಕ ಮಾತು’ ಎಂದಿದ್ದಳು. ಇವನು ಮುಟ್ಟಿದ. ಹದಿನೆಂಟು ವರ್ಷ ಆ ಆಣೆಗೆ ಕೂದಲೆಳೆಯಷ್ಟೂ ಭಂಗ ಬಂದಿರಲಿಲ್ಲ.

ಹಿಟ್ಲರನ ಲಡಾಯಿ ನಡೆಯುತ್ತಿದ್ದ ಆ ವರ್ಷ ಸೊಪ್ಪು ಚೆನ್ನಾಗಿ ಬಂತು. ಬೇಯಿಸಿ ಹದಮಾಡಿದ ಎಲೆಯನ್ನು ನಡುಮನೆಯಲ್ಲಿ ಒಟ್ಟಿ, ಮೇಲೆ ಗೋಣಿತಾಟು ಹಾಸಿದ. ಕಲ್ಲು ಹೇರಿದರೆ ಎಲೆ ಮುರಿಯುತ್ತದೆ, ಆಳು ಮಲಗಿದರೆ ಮೆತ್ತಗೆ ಒತ್ತಿಕೊಂಡು ಕೂರುತ್ತದೆ ಎಂಬುದು ಅವನ ಸಿದ್ಧಾಂತ. ಹಾಗಾಗಿ ಮಧ್ಯಾಹ್ನ ಮುದ್ದೆ ಉಂಡು ಬರಿಮೈಯಲ್ಲಿ ಅದರ ಮೇಲೆ ಮಲಗುವುದೂ ಬೇಸಾಯದ ಕೆಲಸವೇ ಆಯಿತು. ಇಂಥ ಕೆಲಸ ಯಾರಿಗೆ ಬೇಡ?

ಮೊದಲ ದಿನವೇ ಕನಸು ಬಿತ್ತು. ಲಕ್ಷ್ಮಣತೀರ್ಥದ ದಡದ ಬಂಡೆಯ ಮೇಲೆ ಕಾಲು ಇಳಿಬಿಟ್ಟು ಚಲುವಯ್ಯ ಬೀಡಿ ಸೇದುತ್ತಿದ್ದಾನೆ, ಹೊಗೆಯನ್ನು ಮೂಗಿನಲ್ಲಿ ಬಿಡುತ್ತಿದ್ದಾನೆ. ಎಚ್ಚರವಾದಾಗ ಎರಡು ಬೆರಳು ತುಟಿಯ ಹತ್ತಿರವೇ ಇದ್ದವು. ಗಂಟಲು ಹೊಗೆ ಬೇಡುತ್ತಿತ್ತು. ರುಚಿಯೇ ಕಾಣದ ಪದಾರ್ಥಕ್ಕೆ ಬಾಯಲ್ಲಿ ನೀರೂರಿತು. ಬೆವರಿದ ಬೆನ್ನಿಗೆ ಸೊಪ್ಪಿನ ಸಾರ ಇಳಿಯುತ್ತಿತ್ತೋ, ಘಾಟು ಮೂಗಿಗೆ ಏರುತ್ತಿತ್ತೋ, ಅದನ್ನು ಯೋಚಿಸುವ ಬುದ್ಧಿ ಅವನಿಗೆ ಆಗ ಎಲ್ಲಿತ್ತು? ಆಣೆ ಮುರಿಯಿತೆಂದೇ ತಿಳಿದ. ದೇವರ ಗೂಡಿನಲ್ಲಿದ್ದ ಅರಿಶಿನದ ಬಟ್ಟೆ ತೆಗೆದು, ಒಂದು ಕಾಸಿಟ್ಟು, ತಪ್ಪುಕಾಣಿಕೆ ಎಂದು ಗಂಟು ಹಾಕಿದ.

ಮರುದಿನವೂ ಅದೇ ಬಂಡೆ, ಅದೇ ಬೀಡಿ. ಇನ್ನೊಂದು ಗಂಟು. ಮಲಗುವುದನ್ನು ಬಿಡಬಹುದಿತ್ತು, ಆದರೆ ಸೊಪ್ಪು ಒತ್ತಬೇಕಲ್ಲ.

ಐದನೆಯ ದಿನ ಎದ್ದವನೇ ನಿದ್ದೆಗಣ್ಣಿನಲ್ಲಿ, ‘ಅಮ್ಮೀ, ಬೆಂಕಿಪೊಟ್ಟಣ ಎಲ್ಲೈತೆ?’ ಎಂದುಬಿಟ್ಟ. ಅವನು ಗೂಡಿನ ಹತ್ತಿರ ಹೋಗಿ ಗಂಟು ಹಾಕುವುದನ್ನು ಭದ್ರಮ್ಮ ನೋಡುತ್ತ ನಿಂತಳು. ಆಮೇಲೆ ಬಟ್ಟೆ ಕಸಿದುಕೊಂಡಳು.

‘ಐದು ಗಂಟು ಯಾತಕ್ಕೆ?’

‘ಬೀಡಿ ಸೇದಿದ್ನಲ್ಲ, ಅದುಕ್ಕೆ. ಕನಸಲ್ಲಿ ಕಣಮ್ಮಿ.’

‘ಕನಸಿಗೆ ಯಾರು ತಪ್ಪುಕಾಣಿಕೆ ಕಟ್ತಾರೆ? ಇಂಗೆ ಸುಳ್ಳೇಳಕ್ಕೆ ಯಾವಾಗ ಕಲ್ತ್ರಿ?’

ಪಾಪ, ಹದಿನೆಂಟು ವರ್ಷದ ಪ್ರಾಮಾಣಿಕತೆಗೆ ಅವನ ಪ್ರಾಮಾಣಿಕತೆಯೇ ಮುಳುವಾಯಿತು. ಭದ್ರಮ್ಮ ಸೀರೆಗಳನ್ನು ಗಂಟು ಕಟ್ಟಿದಳು. ಸಂಜೆಯ ಬಸ್ಸಿಗೆ ಸಾಲಿಗ್ರಾಮದ ಅಣ್ಣನ ಮನೆಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ ಎಂದಳು. ಅವಳು ಆಡಿದ ಮಾತನ್ನು ಎಂದೂ ಹಿಂದಕ್ಕೆ ತೆಗೆದುಕೊಂಡವಳಲ್ಲ. ಚಲುವಯ್ಯನಿಗೆ ಅಳುವೇ ಬಂತು, ಜಗುಲಿಯ ಮೇಲೆ ಹೋಗಿ ಕುಳಿತ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಭದ್ರಮ್ಮ ಸೀರೆಗಂಟನ್ನು ತಲೆದಿಂಬು ಮಾಡಿಕೊಂಡು ಸೊಪ್ಪಿನ ರಾಶಿಯ ಮೇಲೇ ಬೋರಲಾಗಿ ಬಿದ್ದುಕೊಂಡಳು. ಅತ್ತಳು. ಅಳುತ್ತಲೇ ನಿದ್ದೆ ಹೋದಳು.

ಬಸ್ಸು ಹಾರನ್ ಹೊಡೆದುಕೊಂಡು ಹೋಯಿತು. ಎಬ್ಬಿಸುವಷ್ಟು ದಡ್ಡನಲ್ಲ ಚಲುವಯ್ಯ. ಸ್ವಲ್ಪ ಹೊತ್ತಿನ ಮೇಲೆ ಮೆಲ್ಲಗೆ ಇಣುಕಿ ನೋಡಿದರೆ ಭದ್ರಮ್ಮ ಎದ್ದು ಕುಳಿತಿದ್ದಾಳೆ, ಎರಡು ಬೆರಳು ತುಟಿಯ ಹತ್ತಿರ ಇವೆ.

‘ಅಪ್ಪ ಬಂದಿದ್ದ ಕಣ್ರೀ,’ ಎಂದಳು ಮೆಲ್ಲಗೆ. ‘ನಮ್ಮ ಕಣದಲ್ಲಿ ಕುಂತು ಬೀಡಿ ಸೇದ್ತಿದ್ದ. ಒಂದು ಸಲಾನೂ ಕೆಮ್ಮಲಿಲ್ಲ. ನಂಗೂ ಒಂದು ಬೀಡಿ ಅಚ್ಚಿ ಕೊಟ್ಟ.’

‘ನೀನು ಸೇದಿದ್ಯಾ?’

‘ಅಪ್ಪ ಕೊಟ್ರೆ ಬ್ಯಾಡ ಅನ್ನಕಾಯ್ತದಾ?’

ಚಲುವಯ್ಯನಿಗೆ ಗೆದ್ದೆನೆಂದು ನಗಬೇಕೆನಿಸಿತು. ಅವಳ ಕಣ್ಣು ನೋಡಿ ನಗು ನುಂಗಿಕೊಂಡ. ಭದ್ರಮ್ಮ ಇಳಿದು ಬಂದು, ಸೀರೆಗಂಟು ಬಿಚ್ಚಿ ಪೆಟ್ಟಿಗೆಗೆ ಹಾಕಿದಳು. ಗೂಡಿನಿಂದ ಅರಿಶಿನದ ಬಟ್ಟೆ ತಂದು, ಐದು ಗಂಟುಗಳ ಪಕ್ಕದಲ್ಲಿ ತಾನೊಂದು ಗಂಟು ಬಿಗಿದಳು.

‘ಆ ಮೂಲೇಲಿ ಸೊಪ್ಪು ಇನ್ನೂ ಸರಿಯಾಗಿ ಕುಂತಿಲ್ಲ,’ ಎಂದಳು. ‘ನಾಳೆ ಮಧ್ಯಾಹ್ನ ನೀವು ಜಗುಲಿ ಮ್ಯಾಲೆ ಮಲಿಕ್ಕಳಿ.’